ಬೇಲಿಯೊಳಗಿನ ಇಬ್ಬರು

ಜೋಂಬಿಗಳ ಕಥೆಯಲ್ಲಿ ಭಯಾನಕ, ಬೀಭತ್ಸಗಳ ಹೊರತು ಬೇರೆ ರಸವಿಲ್ಲವೆನ್ನುವವರು 2023ರ ಜನವರಿಯಲ್ಲಿ ಬಂದ ‘ದಿ ಲಾಸ್ಟ್ ಆಫ್ ಅಸ್’ ಧಾರಾವಾಹಿಯ ಮೂರನೆಯ ಕಂತನ್ನು ನೋಡಬೇಕು. ಶಿಲೀಂಧ್ರ ತಲೆಗೇರಿ ಮನುಷ್ಯರು ಮೃಗಗಳಾದ ಕಾಲ. ಯಾರನ್ನೂ ನಂಬದ ಬಿಲ್ ಬರಿದಾದ ಊರಿಗೆ ಬೇಲಿ ಬಿಗಿದು ಒಂಟಿಯಾಗಿದ್ದಾನೆ. ಅವನು ತೋಡಿದ ಗುಂಡಿಗೆ ಬಿದ್ದ ಫ್ರಾಂಕ್ ಒಂದು ಹೊತ್ತಿನ ಊಟ ಕೇಳುತ್ತಾನೆ. ಬಾಳೆಲ್ಲ ಅಲ್ಲಿಯೇ ಉಳಿಯುತ್ತಾನೆ. ಗಂಡಿಗೆ ಗಂಡು ಒಲಿದ ಈ ದಾಂಪತ್ಯವನ್ನು ಕ್ರೇಗ್ ಮೇಜಿನ್ ಅಬ್ಬರವಿಲ್ಲದೆ ಬರೆದಿದ್ದಾರೆ.

ದೊಡ್ಡ ಕಥೆ ನಡೆ ನಿಲ್ಲಿಸಿ ಒಂದು ಮನೆಯೊಳಗೆ ಕೂರುವ ಬಗೆ ನಮಗೇನೂ ಹೊಸದಲ್ಲ. ರಾಮಾಪುರದ ಸೀಮೆಯಲ್ಲಿ ಕಂಸಾಳೆಯವರು ಹಾಡುವ ಮಾದೇಶ್ವರನ ಕಾವ್ಯದಲ್ಲಿ ಸಂಕಮ್ಮನ ಸಾಲು ಇಂಥದೇ. ಕಾಡಿಗೆ ಹೊರಟ ನೀಲೇಗೌಡ ಹೆಂಡತಿಯನ್ನು ನಂಬಲಾರದೆ ಅವಳನ್ನೇ ಬಂಧಿಸಿಟ್ಟು ಹೋಗುತ್ತಾನೆ. ಅಲ್ಲಿ ಶಂಕೆ ಒಲವನ್ನು ಕಟ್ಟಿಹಾಕಿತು. ಇಲ್ಲಿ ಒಲವು ಶಂಕೆಯನ್ನು ಕರಗಿಸಿತು. ಬಿಲ್ಲನ ಪಿಸ್ತೂಲೊಂದನ್ನು ಕೊಟ್ಟು ಫ್ರಾಂಕ್ ಸ್ಟ್ರಾಬೆರಿ ಬೀಜ ತಂದಿದ್ದಾನೆ! ಆ ಹಣ್ಣು ಕಚ್ಚಿ ನಿಕ್ ಆಫರ್ಮನ್ ಮಗುವಿನಂತೆ ನಗುವ ಕ್ಷಣವೇ ಕಂತಿನ ಜೀವ.

2013ರ ಮೂಲ ವಿಡಿಯೋ ಆಟದಲ್ಲಿ ಫ್ರಾಂಕ್ ಬಿಲ್ಲನನ್ನು ದ್ವೇಷಿಸಿ ತೊರೆದಿದ್ದ. ಆ ಬದಲಾವಣೆ ನನಗೆ ಒಪ್ಪಿತ. ಒಪ್ಪದಿರುವುದು ಇಬ್ಬರ ಸಾವು: ಲೋಕ ಹಸಿದಿರುವಾಗ ಅದು ತೀರ ಹದವಾಗಿ ಬಂದಿದೆ. ಆದರೂ ಕೊನೆಯ ಚಿತ್ರವನ್ನು ಮರೆಯಲಾರೆ. ಕಥಾನಾಯಕ ಜೋಯೆಲನೂ ಜೊತೆಯ ಹುಡುಗಿಯೂ ವಾಹನವೇರಿ ಹೊರಟುಹೋಗುತ್ತಾರೆ; ಕ್ಯಾಮೆರಾ ಮಾತ್ರ ಬಿಲ್ ತೆರೆದಿಟ್ಟ ಕಿಟಕಿಯ ಒಳಗೇ ಉಳಿಯುತ್ತದೆ.