ಎರಡಿಂಚು ಕೂದಲಿನ ಮುಂದಿನ ಕಥೆ

ಚಿಮಮಾಂಡ ಎನ್‌ಗೋಜಿ ಅಡೀಚಿಯವರ ‘ಅಮೆರಿಕಾನಾ’ (2013) ಪ್ರೇಮಕಥೆ ಹೌದು. ಆದರೆ ನನಗೆ ಅದರಲ್ಲಿ ಹೆಚ್ಚು ಕಾಡುವುದು ಕೂದಲಿನ ಕಥೆ. ನೈಜೀರಿಯಾದಿಂದ ಅಮೆರಿಕಕ್ಕೆ ಬಂದ ಇಫೆಮೆಲುವಿಗೆ, ಸಂದರ್ಶನಕ್ಕೆ ಮುನ್ನ ಜಡೆಗಳನ್ನು ಬಿಚ್ಚಿ ಕೂದಲು ನೇರ ಮಾಡಿಸಿಕೊಳ್ಳುವ ಸಲಹೆ ಸಿಗುತ್ತದೆ. ರಿಲ್ಯಾಕ್ಸರ್ ಎಂಬ ರಾಸಾಯನಿಕ ಅವಳ ನೆತ್ತಿಯನ್ನು ಸುಡುತ್ತದೆ. ಕೆಲಸವೇನೋ ಸಿಗುತ್ತದೆ, ಆದರೆ ಕೂದಲು ಉದುರತೊಡಗುತ್ತದೆ. ಹೀಗೆ ನೇರವಾದ ಎಳೆ ಮತ್ತೆ ಗುಂಗುರಾಗದು. ಸಹಜ ಕೂದಲು ಬುಡದಿಂದಲೇ ಹೊಸದಾಗಿ ಬರಬೇಕು. ಗೆಳತಿ ವಾಂಬುಯಿ ಹಳೆಯದನ್ನೆಲ್ಲ ಕತ್ತರಿಸಿದಾಗ ಉಳಿಯುವುದು ಎರಡಿಂಚು ಮಾತ್ರ.

ಇದನ್ನೇ ಬಿಡುಗಡೆಯೆಂದು ತೋರಿಸಿ ಅಧ್ಯಾಯ ಮುಗಿಸುವುದು ಸುಲಭವಿತ್ತು. ಅಡೀಚಿ ಹಾಗೆ ಮಾಡುವುದಿಲ್ಲ. ಕನ್ನಡಿ ನೋಡಿದ ಇಫೆಮೆಲುವಿಗೆ ತಾನು ಕುರೂಪಿಯೆನಿಸುತ್ತದೆ. ಹುಷಾರಿಲ್ಲವೆಂದು ಹೇಳಿ ಅವಳು ಕೆಲಸಕ್ಕೆ ಹೋಗದೆ ಉಳಿಯುತ್ತಾಳೆ. ಹುಟ್ಟಿನಿಂದ ತನ್ನದಾದ ಕೂದಲನ್ನು ನೋಡಿಕೊಳ್ಳುವುದನ್ನೂ ಇತರ ಕಪ್ಪು ಹೆಂಗಸರಿಂದ ಕಲಿಯಬೇಕಾಗುತ್ತದೆ. ಕೂದಲು ಕತ್ತರಿಸಿದ ಮಾತ್ರಕ್ಕೆ, ಬಿಳಿಯರ ಕಣ್ಣಿನಿಂದ ತನ್ನನ್ನು ಅಳೆದುಕೊಳ್ಳುವ ಅಭ್ಯಾಸ ಹೋಗುವುದಿಲ್ಲ ಎಂಬುದನ್ನು ಕಾದಂಬರಿ ಬಲ್ಲದು.

ಆದ್ದರಿಂದಲೇ ನನ್ನ ತಕರಾರು. ಮುಂದೆ ಒಂದು ದಿನ ಅವಳಿಗೆ ತನ್ನ ಕೂದಲಿನ ಮೇಲೆ ಒಲವು ಮೂಡುತ್ತದೆ. ಆ ಗಳಿಗೆಯನ್ನು ಅಡೀಚಿ ಕೆಲವೇ ಸಾಲುಗಳಲ್ಲಿ ದಾಟಿಬಿಡುತ್ತಾರೆ. ನಾಚಿಕೆಗೆ ಕೊಟ್ಟಷ್ಟು ಜಾಗವನ್ನು ಆ ಒಲವಿಗೂ ಕೊಡಬೇಕಿತ್ತು.