ವೆಸ್ಟ್ ಎಂಡ್ ಬ್ಲೂಸ್: ಟ್ರಂಪೆಟ್ಟನ್ನೂ ಮೀರಿದ ದನಿ

‘ವೆಸ್ಟ್ ಎಂಡ್ ಬ್ಲೂಸ್’ ಹೆಸರೆತ್ತಿದರೆ ಸಾಕು, ಜಾಜ್ ಬಲ್ಲವರು ಅದರ ಆರಂಭದ ಟ್ರಂಪೆಟ್ ನುಡಿಕೆಯನ್ನು ಕೊಂಡಾಡುತ್ತಾರೆ. ಕೊಂಡಾಡಬೇಕಾದದ್ದೇ. 1928ರ ಜೂನ್ 28ರಂದು ಶಿಕಾಗೋದಲ್ಲಿ ಲೂಯಿ ಆರ್ಮ್‌ಸ್ಟ್ರಾಂಗ್ ತನ್ನ ಹಾಟ್ ಫೈವ್ ತಂಡದೊಂದಿಗೆ ಮಾಡಿದ ರೆಕಾರ್ಡು ಇದು. ಪಕ್ಕವಾದ್ಯವಿಲ್ಲ, ತಾಳವಿಲ್ಲ, ಮೊದಲು ನಾಲ್ಕು ಬಿಡಿ ಸ್ವರ, ಆಮೇಲೆ ಒಂದೇ ಉಸಿರಿಗೆಂಬಂತೆ ಮೇಲೇರಿ, ಹೊರಳಿ ಹೊರಳಿ ಕೆಳಗಿಳಿಯುವ ಸ್ವರಮಾಲೆ. ಆಲಾಪನೆ ಕೇಳಿ ಬೆಳೆದ ನಮ್ಮ ಕಿವಿಗೆ ಇದು ಸಹಜವೆನಿಸಬಹುದು. ಆದರೆ ಜನ ಕುಣಿಯಲೆಂದೇ ನುಡಿಸುತ್ತಿದ್ದ ಸಂಗೀತದಲ್ಲಿ ಹೆಜ್ಜೆಯ ಲೆಕ್ಕವನ್ನು ಹೀಗೆ ಬದಿಗಿಡಲು ದೊಡ್ಡ ಧೈರ್ಯವೇ ಬೇಕು.

ಆದರೂ ಈ ಕೃತಿಯ ಜೀವ ಇರುವುದು ಅಲ್ಲಲ್ಲ, ನಡುವಿನ ಹಾಡಿಕೆಯಲ್ಲಿ. ಜಿಮ್ಮಿ ಸ್ಟ್ರಾಂಗ್‌ನ ಕ್ಲಾರಿನೆಟ್ ಕೆಳಸ್ಥಾಯಿಯಲ್ಲಿ ಒಂದು ಸಾಲು ನುಡಿಸಿ ನಿಲ್ಲುತ್ತದೆ. ಆರ್ಮ್‌ಸ್ಟ್ರಾಂಗ್ ಅದಕ್ಕೆ ಬಾಯಿಂದ ಉತ್ತರ ಕೊಡುತ್ತಾನೆ. ಸಾಹಿತ್ಯವಿಲ್ಲ, ಬರೀ ದನಿ. ಎರಡು ವರ್ಷ ಹಿಂದೆ ಅವನದೇ ‘ಹೀಬಿ ಜೀಬೀಸ್’ ರೆಕಾರ್ಡಿನಲ್ಲಿ ಇದೇ ಬಗೆಯ ಗಾಯನ ಕುಣಿದು ಕುಪ್ಪಳಿಸಿತ್ತು, ಇಲ್ಲಿ ಅದು ತಗ್ಗಿದೆ, ಎದುರಿನ ವಾದ್ಯದ ಮಾತನ್ನು ಪೂರ್ತಿ ಕೇಳಿಸಿಕೊಂಡು ಬಾಯಿ ತೆರೆಯುತ್ತದೆ. ಆರಂಭದಲ್ಲಿ ಅಷ್ಟು ಮೆರೆದವನು ಇಲ್ಲಿ ತನಗಿಂತ ಸಾಧಾರಣ ವಾದಕನಿಗೆ ಸರಿಸಮನಾಗಿ ನಿಲ್ಲುತ್ತಾನೆ. ಈ ರೆಕಾರ್ಡನ್ನು ಎಳವೆಯಲ್ಲೇ ಕೇಳಿದ್ದ ಗಾಯಕಿ ಬಿಲ್ಲಿ ಹಾಲಿಡೇ, ಪದಗಳಿಲ್ಲದ ಈ ಹಾಡಿಕೆ ತನ್ನನ್ನು ಕಾಡಿದ ಬಗೆಯನ್ನು ಆತ್ಮಕಥೆಯಲ್ಲಿ ನೆನೆದಿದ್ದಾಳೆ.

ಎಲ್ಲವೂ ಇದೇ ಮಟ್ಟದಲ್ಲಿಲ್ಲ. ಫ್ರೆಡ್ ರಾಬಿನ್ಸನ್‌ನ ಟ್ರಾಂಬೋನ್ ಸುತ್ತು ಭಾರವಾಗಿ ಕಾಲೆಳೆಯುತ್ತದೆ. ಅರ್ಲ್ ಹೈನ್ಸ್‌ನ ಪಿಯಾನೊ ಸುತ್ತಿನಲ್ಲಿ ಆ ಭಾರವಿಲ್ಲ. ಕೊನೆಯ ಸುತ್ತಿನಲ್ಲಿ ಆರ್ಮ್‌ಸ್ಟ್ರಾಂಗ್ ಮೇಲಿನ ಒಂದೇ ಸ್ವರವನ್ನು ಸುತ್ತಿನ ಹನ್ನೆರಡು ಆವರ್ತಗಳಲ್ಲಿ ನಾಲ್ಕರುದ್ದಕ್ಕೂ ಹಿಡಿದು ನಿಲ್ಲಿಸುತ್ತಾನೆ. ಕೈಚಳಕ ತೋರಿಸಬಹುದಾಗಿದ್ದ ಜಾಗದಲ್ಲಿ ಒಂದೇ ಸ್ವರ ಸಾಕೆಂದು ತೀರ್ಮಾನಿಸಿದ್ದು ಕಲಾವಿದನ ಪ್ರಬುದ್ಧತೆ.

ಆ ದಿನಗಳಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿದ್ದ ಕಾಟನ್ ಕ್ಲಬ್‌ನ ವೇದಿಕೆಯ ಮೇಲೆ ಕರಿಯ ಕಲಾವಿದರು, ಮುಂದೆ ಕುಳಿತವರು ಬಿಳಿಯರು. ಡ್ಯೂಕ್ ಎಲಿಂಗ್ಟನ್‌ನಂಥ ಮಹಾ ಪ್ರತಿಭೆಯೂ ಅಲ್ಲಿ ಗಿರಾಕಿಗಳು ಬಯಸಿದ ‘ಕಾಡಿನ ಸಂಗೀತ’ದ ವೇಷ ತೊಡಬೇಕಾಯಿತು. ಆ ವೇಷದೊಳಗಿಂದಲೇ ಎಲಿಂಗ್ಟನ್ ಶ್ರೇಷ್ಠ ಸಂಗೀತ ಕೊಟ್ಟ ಎನ್ನುವುದು ಬೇರೆ ಮಾತು. ಹಾಟ್ ಫೈವ್‌ಗೆ ಆ ಕಟ್ಟಿರಲಿಲ್ಲ; ಅದು ಬಹುಪಾಲು ಸ್ಟುಡಿಯೊಗೆಂದೇ ಕೂಡುತ್ತಿದ್ದ ತಂಡ. ರಂಜಿಸಲು ಎದುರಿಗೆ ಯಾರೂ ಇರಲಿಲ್ಲ. ಇದನ್ನು ಹೊರತಂದ ಓಕೇ ಕಂಪನಿ ಇಂಥ ರೆಕಾರ್ಡುಗಳನ್ನು ಕರಿಯ ಗಿರಾಕಿಗಳಿಗೆಂದೇ ಬೇರೆ ಸಾಲಿನಲ್ಲಿ ಮಾರುತ್ತಿತ್ತು. ಆ ವಿಂಗಡಣೆ ಅವಮಾನದ್ದೇ. ಆದರೆ ಹಾಡಿನ ಆಪ್ತತೆಗೆ ಒಂದು ಕಾರಣ, ಅದು ತನ್ನವರೊಡನೆ ಆಡಿದ ಮಾತಾಗಿದ್ದದ್ದು ಎಂದೇ ನನ್ನ ನಂಬಿಕೆ.

‘ವೆಸ್ಟ್ ಎಂಡ್ ಬ್ಲೂಸ್’ನ ಧಾಟಿ ಆರ್ಮ್‌ಸ್ಟ್ರಾಂಗ್‌ನ ಗುರು ಜೋ ‘ಕಿಂಗ್’ ಆಲಿವರ್‌ನದು. ಆಲಿವರ್ ಅದೇ ಜೂನ್‌ನಲ್ಲಿ, ಶಿಷ್ಯನಿಗಿಂತ ಕೆಲವೇ ದಿನ ಮುಂಚೆ, ಅದನ್ನು ಮುದ್ರಿಸಿದ್ದ. ಅದರಲ್ಲಿ ಆ ಆರಂಭ ಇರಲಿಲ್ಲ. 1929ರ ಜನವರಿಯಲ್ಲಿ ಮತ್ತೆ ಮುದ್ರಿಸುವಾಗ ಗುರುವಿನ ತಂಡವೇ ಶಿಷ್ಯನ ಆರಂಭದ ನುಡಿಕೆಯನ್ನು ಅನುಕರಿಸಿತು. ಆಮೇಲೆ ಬಂದ ಟ್ರಂಪೆಟ್ ವಾದಕರೂ ಅದನ್ನೇ ಬಾಯಿಪಾಠ ಮಾಡಿದರು. ಕ್ಲಾರಿನೆಟ್ಟಿಗೆ ಓಗೊಟ್ಟ ದನಿಯನ್ನು ಮಾತ್ರ ಹಾಗೆ ಸಾಧನೆಯಿಂದ ಕೈವಶ ಮಾಡಿಕೊಳ್ಳಲು ಬರುವುದಿಲ್ಲ.