ಟಕ್ ಅಂದರೆ ಸಾಲದು

ಈ ವಾರ ಕಾರಿನ ಗಾಜು ಏರಿಸುವ ಮೋಟಾರಿನ ಬ್ರಶ್ಶುಗಳ ಬಗ್ಗೆ ಬರೆಯುತ್ತೇನೆಂದು ಹೇಳಿದ್ದೆ. ಅದು ಮುಂದಕ್ಕಿರಲಿ. ಮಳೆ ಹಿಡಿದಿದೆ, ಅರ್ಧಕ್ಕೇ ನಿಂತ ಗಾಜುಗಳ ದೂರು ಹೆಚ್ಚಿದೆ. ಗ್ಯಾರೇಜಿನಲ್ಲಿ ಕೇಳಿದರೆ ಅದೇ ಮಾತು: 'ರಿಲೇ ಟಕ್ ಅಂತಿದೆ ಸಾರ್, ಅದೇನೂ ತೊಂದರೆಯಿಲ್ಲ.' ಈ ಟಕ್ ಪಂಥದವರ ಜೊತೆ ನನ್ನ ಜಗಳ ಹಳೆಯದು.

ಟಕ್ ಅಂದರೆ ರಿಲೇಯ 85 ಮತ್ತು 86 ಅಂಕಿಯ ಕಾಲುಗಳ ನಡುವಿನ ಕಾಯಿಲ್ ಕೆಲಸ ಮಾಡುತ್ತಿದೆ ಎಂದಷ್ಟೇ ಅರ್ಥ. 30ರಿಂದ 87ಕ್ಕೆ ಕರೆಂಟು ದಾಟಿಸುವ ಪಾಯಿಂಟು ಸುಟ್ಟು ಕರಿಕಟ್ಟಿದ್ದರೂ ಸದ್ದು ಹಾಗೆಯೇ ಬರುತ್ತದೆ. ಮಲ್ಟಿಮೀಟರಿನ ಬೀಪನ್ನೂ ನಾನು ನಂಬುವುದಿಲ್ಲ. ಮೀಟರು ಹರಿಸುವುದು ಮಿಲಿಆಂಪಿಯರ್ ಲೆಕ್ಕದಲ್ಲಿ, ಗಾಜಿನ ಮೋಟಾರಿಗೆ ಬೇಕಾದದ್ದು ಹಲವು ಆಂಪಿಯರ್. ಪಾಯಿಂಟು ಕೂದಲೆಳೆಯಷ್ಟು ತಾಗಿದರೂ ಮೀಟರು ಒಪ್ಪಿಕೊಳ್ಳುತ್ತದೆ, ಮೋಟಾರು ಒಪ್ಪುವುದಿಲ್ಲ.

ಆದ್ದರಿಂದ ಲೋಡ್ ಹಾಕಿ ನೋಡಬೇಕು. 55 ವ್ಯಾಟಿನ ಹಳೆಯ ಹೆಡ್‌ಲೈಟ್ ಬಲ್ಬು ಸಾಕು, 12 ವೋಲ್ಟಿಗೆ ಸುಮಾರು ನಾಲ್ಕೂವರೆ ಆಂಪಿಯರ್ ಎಳೆಯುತ್ತದೆ. ಬ್ಯಾಟರಿಯ ಪ್ಲಸ್ಸಿನಿಂದ ಫ್ಯೂಸ್ ಮೂಲಕ 30ಕ್ಕೆ, 87ರಿಂದ ಬಲ್ಬಿಗೆ, ಅಲ್ಲಿಂದ ಮೈನಸ್ಸಿಗೆ ವೈರು ಕೊಡಿ. ಕಾಯಿಲ್ಲಿಗೆ ಕರೆಂಟು ಕೊಡುವ ಮುನ್ನ ರಿಲೇಯ ಮೈಮೇಲಿನ ಚಿತ್ರ ನೋಡಿ. ಒಳಗೆ ಡಯೋಡ್ ಇದ್ದು ಪ್ಲಸ್-ಮೈನಸ್ ಅದಲುಬದಲಾದರೆ ಡಯೋಡ್ ಸುಟ್ಟುಹೋಗುತ್ತದೆ. ಬಲ್ಬು ಉರಿಯುತ್ತಿರುವಾಗಲೇ 30 ಮತ್ತು 87ರ ಮೇಲೆ ಮೀಟರಿನ ಕಡ್ಡಿಗಳನ್ನಿಟ್ಟು ವೋಲ್ಟೇಜ್ ಅಳೆಯಿರಿ. 0.1 ವೋಲ್ಟಿನೊಳಗಿದ್ದರೆ ಪಾಯಿಂಟು ಗಟ್ಟಿ. ಅರ್ಧ ವೋಲ್ಟ್ ಕಂಡರೆ ಆ ರಿಲೇ ಎಷ್ಟೇ ಚೆನ್ನಾಗಿ ಟಕ್ ಅಂದರೂ ಬಿಸಾಡಿ.

ಕಾಲುಗಳ ಈ ಅಂಕಿಗಳೆಂದರೆ ನನಗೆ ಬಹಳ ಪ್ರೀತಿ. ಇವು ಜರ್ಮನಿಯ ಡಿನ್ 72552 ಮಾನದಂಡದಿಂದ ಬಂದವು: 30 ಬ್ಯಾಟರಿಯ ನೇರ ಪ್ಲಸ್, 31 ಅರ್ತ್, 15 ಕೀಲಿ ತಿರುಗಿಸಿದ ಮೇಲೆ ಬರುವ ಕರೆಂಟು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕೊಂಡ ರಿಲೇಯ ತಳದಲ್ಲೂ ಅದೇ 30, 85, 86, 87 ಇರುತ್ತವೆ. ಯಾರದೋ ಕಾರು, ಯಾವುದೋ ಊರು, ಕೈಪಿಡಿ ಕಳೆದುಹೋಗಿದೆ. ಆದರೂ ಈ ನಾಲ್ಕು ಕಾಲುಗಳನ್ನು ಓದಬಲ್ಲವನು ಕೆಲಸ ಶುರುಮಾಡಬಹುದು. ಈಗಿನ ಅನೇಕ ಕಾರುಗಳಲ್ಲಿ ರಿಲೇಯನ್ನು ಬೋರ್ಡಿಗೇ ಬೆಸೆದುಬಿಡುತ್ತಾರೆ. ಕಿತ್ತು ನೋಡುವ ಹಕ್ಕನ್ನೇ ಕಸಿದ ಈ ಪದ್ಧತಿ ನನಗೆ ಒಪ್ಪಿಗೆಯಿಲ್ಲ.

ಇನ್ನೊಂದು ಮಾತು. ಬಿಡಿ ರಿಲೇ ಇರುವ ಹಲವು ಕಾರುಗಳಲ್ಲಿ ಅದು ಎಲ್ಲ ಗಾಜುಗಳಿಗೂ ಒಟ್ಟಿಗೇ ಕರೆಂಟು ಕೊಡುತ್ತದೆ. ಅಂಥ ಕಾರಿನಲ್ಲಿ ಒಂದೇ ಗಾಜು ನಿಂತಿದ್ದರೆ ರಿಲೇಗೆ ಕೈಹಾಕಬೇಡಿ. ಆ ಬಾಗಿಲಿನ ಸ್ವಿಚ್ ನೋಡಿ, ಆಮೇಲೆ ಬಾಗಿಲಿಗೂ ಬಾಡಿಗೂ ನಡುವಿನ ರಬ್ಬರ್ ಕೊಳವೆ ಸರಿಸಿ ಒಳಗಿನ ವೈರುಗಳನ್ನು ಒಂದೊಂದಾಗಿ ಎಳೆದು ನೋಡಿ. ಬಾಗಿಲು ತೆಗೆದು ಹಾಕಿ ವೈರು ತುಂಡಾಗುವುದು ಅಲ್ಲೇ.